ಪುನರ್ವಸು ಮಳೆಯಲ್ಲಿ ಬಣ್ಣ ಹೊಡೆದ ಜೀಪು: ಒಂದು ಕೆಟ್ಟ ಕಿಟ್‌ನ ಜೊತೆ ನನ್ನ ಅನುಭವ

ಜೂನ್ ಹಿಡಿದರೆ ಸೆಪ್ಟೆಂಬರ್ ಮುಗಿಯುವವರೆಗೆ ಕಾರವಾರದಲ್ಲಿ ಲ್ಯಾಕರ್ ಬಣ್ಣದ ಬಾಟಲಿಯ ಮುಚ್ಚಳ ತೆಗೆಯಬಾರದು ಎಂಬುದು ಪ್ಲಾಸ್ಟಿಕ್ ಬಿಡಿಭಾಗಗಳ ಕಿಟ್‌ನಿಂದ ಪುಟ್ಟ ಮಾದರಿ ವಾಹನ ಕಟ್ಟುವ ನಮ್ಮ ನಾಲ್ಕೈದು ಜನರಲ್ಲಿ ವೇದವಾಕ್ಯವಾಗಿತ್ತು. ಈ ಕಿಟ್ ನೋಡಿದ ಹುಬ್ಬಳ್ಳಿಯ ಗೆಳೆಯರಂತೂ "ಇದನ್ನ ಬಾಕ್ಸ್ ಸಮೇತ ಗುಜರಿಗೆ ಹಾಕು ಮಾರಾಯಾ" ಅಂದಿದ್ದರು. ಈಗ ಅದೇ ಕಿಟ್ ಎತ್ತರದ ಬಾನೆಟ್‌ನ ಜೀಪಾಗಿ ಶೋಕೇಸಿನಲ್ಲಿದೆ. ಬಣ್ಣ ಬಿದ್ದದ್ದು ಪುನರ್ವಸು ಮಳೆ ಹೊಡೆಯುತ್ತಿದ್ದ ಜುಲೈ ನಡುವಿನಲ್ಲಿ. ಬಾನೆಟ್ ಮೇಲೆ ಟ್ಯೂಬ್‌ಲೈಟಿನ ನೆರಳು ಗೆರೆ ಎಳೆದಂತೆ ಕಾಣುತ್ತದೆ. ಹೇಗೆ ಅಂತ ಕೇಳುವವರು ಜಾಸ್ತಿಯಾದರು, ಹಾಗಾಗಿ ಬರೆಯುತ್ತಿದ್ದೇನೆ.

ಕಿಟ್ ಒಂದು ಮಿಲಿಟರಿ ಜೀಪು, ವಿಲ್ಲೀಸ್ ಎಂಬಿ. ಕಿಟ್ ಮಾಡಿದ ಕಂಪನಿಯ ಹೆಸರು ಬೇಡ. ಬಾಕ್ಸಿನ ಮೇಲೆ 1/24 ಅಂತ ಇತ್ತು, ಅಂದರೆ ಅಸಲಿಯ ಇಪ್ಪತ್ನಾಲ್ಕನೇ ಒಂದು ಭಾಗ. ಗೋಂದು ಮುಟ್ಟುವ ಮೊದಲು ಕ್ಯಾಲಿಪರ್ ಹಿಡಿಯಿರಿ. ನಿಜವಾದ ಜೀಪಿನ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 80 ಇಂಚು, ಅಂದರೆ 2032 ಮಿಮೀ. 24ರಿಂದ ಭಾಗಿಸಿದರೆ 84.7 ಬರಬೇಕು. ಕಿಟ್‌ನ ಚಾಸಿಸ್ ಅಳೆದರೆ 81. ಅಗಲ ಮಾತ್ರ 66 ಮಿಮೀ, ಅದು 1/24ಕ್ಕೆ ಸರಿಯಾಗಿಯೇ ಇದೆ. ಉದ್ದದಲ್ಲಿ 1/25, ಅಗಲದಲ್ಲಿ 1/24! ಬಾಕ್ಸಿನ ಅಳತೆಗೆ ಸ್ಪ್ರೂ (ಬಿಡಿಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು) ತುರುಕಲು ಕುಗ್ಗಿಸಿದ್ದಾರೆ ಎಂದು ನನ್ನ ಗುಮಾನಿ. ಗುಂಡಗೆ ಕುಳ್ಳಗೆ ಕಾಣುವ ಕಿಟ್‌ಗಳಲ್ಲಿ ಬಹಳಷ್ಟರ ಕಥೆ ಇದೇ.

ಕೊರತೆ 3.7 ಮಿಮೀ. ಚಾಸಿಸ್‌ನ ಎರಡೂ ರೈಲುಗಳನ್ನು, ಅಂದರೆ ಉದ್ದದ ತೊಲೆಗಳನ್ನು, ಗೇರ್‌ಬಾಕ್ಸಿನ ಹಿಂದೆ, ತೊಟ್ಟಿಯಂಥ ಬಾಡಿಯಾದ ಟಬ್ಬನ್ನು ಮುಂದಿನ ಸೀಟಿನ ಹಿಂದೆ ಕತ್ತರಿಸಿ ತುಂಡು ಸೇರಿಸಬೇಕು. ಮೊದಲ ಸಲ 3.7 ಲೆಕ್ಕದಲ್ಲೇ ತುಂಡು ಹಾಕಿದೆ, ಮತ್ತೆ ಗಿಡ್ಡವಾಯಿತು. ಗರಗಸವೇ ಸುಮಾರು 0.3 ಮಿಮೀ ಪ್ಲಾಸ್ಟಿಕ್ ತಿನ್ನುತ್ತದೆ. ಹಾಗಾಗಿ ತುಂಡು 4 ಮಿಮೀ ಆಗಬೇಕು, 1 ಮಿಮೀ ಪ್ಲಾಸ್ಟಿಕ್ ಹಾಳೆ ನಾಲ್ಕು ಪದರ ಅಂಟಿಸಿದರೆ ಲೆಕ್ಕ ಚುಕ್ತ. ಕತ್ತರಿಸುವ ಮೊದಲೇ ರೈಲಿನ ಪಕ್ಕಕ್ಕೆ ಉದ್ದ ಪಟ್ಟಿಯೊಂದನ್ನು ಫೆವಿಕ್ವಿಕ್‌ನ ಎರಡು ಚುಕ್ಕೆಯಲ್ಲಿ ನಿಲ್ಲಿಸಿಕೊಳ್ಳಿ. ಇಲ್ಲವಾದರೆ ಜೋಡಿಸುವಾಗ ರೈಲು ಬಾಳೆಕಾಯಿಯಂತೆ ಬಾಗುತ್ತದೆ.

ಟಬ್ ಕತ್ತರಿಸುವ ಮೊದಲೇ ತಿರುಚಿತ್ತು. ಗಾಜಿನ ಮೇಲಿಟ್ಟರೆ ಒಂದು ಮೂಲೆ 2 ಮಿಮೀ ಎದ್ದಿತ್ತು. ಕುದಿಯುವ ನೀರಿಗೆ ಹಾಕಬೇಡಿ. ಪಾಲಿಸ್ಟೈರೀನ್ 90 ಡಿಗ್ರಿ ದಾಟಿದರೆ ಮೆತ್ತಗಾಗಿ ಆಕಾರವೇ ಹೋಗುತ್ತದೆ, ನನ್ನ ವಿಂಡ್‌ಸ್ಕ್ರೀನ್ ಫ್ರೇಮ್ ಹಾಗೇ ಹಪ್ಪಳವಾಯಿತು. 70ರಿಂದ 75 ಡಿಗ್ರಿ ನೀರಿನಲ್ಲಿ ಇಪ್ಪತ್ತು ಸೆಕೆಂಡ್, ತಕ್ಷಣ ಗಾಜಿಗೆ ರಬ್ಬರ್‌ಬ್ಯಾಂಡಿನಿಂದ ಬಿಗಿದು ತಣ್ಣೀರಿಗೆ. ಒಂದೇ ಸಲಕ್ಕೆ ನೇರವಾಗುವುದಿಲ್ಲ, ನನಗೆ ಐದು ಸಲ ಬೇಕಾಯಿತು. ನೇರಕ್ಕಿಂತ ಒಂದು ಕೂದಲೆಳೆ ಆಚೆಗೇ ಬಗ್ಗಿಸಿ ಬಿಗಿಯಿರಿ, ಬಿಟ್ಟಾಗ ಸ್ವಲ್ಪ ಹಿಂದಕ್ಕೆ ಬಂದೇ ಬರುತ್ತದೆ.

ಇನ್ನು ಕುಳಿ, ಫ್ಲ್ಯಾಶ್ (ಅಂಚಿನಲ್ಲಿ ಉಕ್ಕಿದ ತೆಳು ಪ್ಲಾಸ್ಟಿಕ್), ಅಚ್ಚಿನಿಂದ ಹೊರಗೆ ತಳ್ಳುವ ಎಜೆಕ್ಟರ್ ಪಿನ್ನಿನ ಗುರುತು, ಅಚ್ಚಿನ ಎರಡು ಹೋಳು ಸರಿದ ಮೆಟ್ಟಿಲು, ಎಲ್ಲ ಧಾರಾಳವಾಗಿ ಇತ್ತು. ಮಾಮೂಲಿ ಪುಟ್ಟಿ ಇಲ್ಲಿ ಕೈಕೊಡುತ್ತದೆ. ಅಗ್ಗದ ಕಿಟ್‌ನ ಪ್ಲಾಸ್ಟಿಕ್ ಮೆದು. ಪುಟ್ಟಿಯದ್ದು ಒಂದು ಗಟ್ಟಿ, ಇದರದ್ದು ಇನ್ನೊಂದು, ಪಾಲಿಶ್ ಪೇಪರ್ ಹಿಡಿದರೆ ಮೆದುವಾದದ್ದು ಮೊದಲು ಸವೆದು ದಿಬ್ಬ ಉಳಿಯುತ್ತದೆ. ಅದೇ ಕಿಟ್‌ನ ಸ್ಪ್ರೂವನ್ನೇ ಕರಗಿಸಿ ತುಂಬಿ. ಖಾಲಿ ಗಾಜಿನ ಬಾಟಲಿಗೆ ಸ್ಪ್ರೂ ಚೂರು ಮೂರನೇ ಒಂದು ಭಾಗ, ಅದು ಮುಳುಗುವಷ್ಟು ತೆಳು ಸಿಮೆಂಟ್ (ಪ್ಲಾಸ್ಟಿಕ್ ಕರಗಿಸಿ ಅಂಟಿಸುವ ಕಿಟ್‌ನ ಗೋಂದು), ಒಂದು ರಾತ್ರಿ. ಬೆಳಿಗ್ಗೆ ಜೋನಿಬೆಲ್ಲದ ಹದ ಬಂದಿರಬೇಕು. ಬಾಟಲಿ ಅಲ್ಲಾಡಿಸಬೇಡಿ, ಗುಳ್ಳೆ ಸೇರಿದರೆ ಉಜ್ಜಿದ ಮೇಲೆ ಸೂಜಿತೂತುಗಳು ಏಳುತ್ತವೆ. ಅರ್ಧ ಮಿಮೀಗಿಂತ ದಪ್ಪ ಬೇಡ, ಕೆಳಗಿನ ಪ್ಲಾಸ್ಟಿಕ್ಕೂ ಕರಗಿ ಹಿಂಬದಿಗೆ ಉಬ್ಬುತ್ತದೆ. ಪ್ರತಿ ಪದರಕ್ಕೆ ಬೇಸಿಗೆಯಲ್ಲಿ ಎರಡು ದಿನ, ಮಳೆಗಾಲದಲ್ಲಿ ನಾಲ್ಕು. ಅವಸರ ಮಾಡಿ ಮರುದಿನವೇ ಉಜ್ಜಿದ ಎಡಗಡೆ ಫೆಂಡರ್ ತಿಂಗಳಾದ ಮೇಲೆ ಒಳಗೆ ಎಳೆದುಕೊಂಡಿತು, ಬಣ್ಣದ ಮೇಲೆ ಕುಳಿ ಇನ್ನೂ ಕಾಣುತ್ತದೆ. ಆ ಬದಿಯನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದೇನೆ.

ನಡುವೆ ಚಿಪ್ಪಿಸುಣ್ಣದ ಹುಚ್ಚೊಂದು ಹತ್ತಿತ್ತು. ಫೆವಿಕ್ವಿಕ್ ಜೊತೆ ಅಡುಗೆ ಸೋಡಾ ಎಲ್ಲರೂ ಹಾಕುತ್ತಾರಲ್ಲ, ಅದರ ಬದಲು ವೀಳ್ಯದೆಲೆಗೆ ಹಚ್ಚುವ ಸುಣ್ಣ ಒಣಗಿಸಿ ಪುಡಿ ಮಾಡಿ ನೋಡಿದೆ. ಕ್ಷಾರ ಜೋರಾದ್ದರಿಂದ ಹನಿ ಬೀಳುತ್ತಲೇ ಹೊಗೆಯಾಡಿ ಕಲ್ಲಾಗುತ್ತದೆ. ಕಲ್ಲೇ ಆಗುವುದು ತೊಂದರೆ: 320ರ ಪೇಪರ್ ಹಾಕಿದರೂ ಸುಣ್ಣ ಜಗ್ಗಲಿಲ್ಲ, ಸುತ್ತಲಿನ ಪ್ಲಾಸ್ಟಿಕ್ ಹೋಯಿತು. ಕಣ್ಣಿಗೆ ಕಾಣದ ಒಳಗಿನ ಮೂಲೆ ಗಟ್ಟಿ ಮಾಡಲು ಅಡ್ಡಿಯಿಲ್ಲ, ಹೊರಗೆ ಬೇಡ. ಹೊರಗಡೆಗೆ ಟಾಲ್ಕಂ ಪೌಡರ್ ಬೆರೆಸಿದ ಫೆವಿಕ್ವಿಕ್ ಒಳ್ಳೆಯದು, ನಿಧಾನವಾಗಿ ಹಿಡಿಯುತ್ತದೆ, ಬೆಣ್ಣೆಯಂತೆ ಉಜ್ಜಬಹುದು. ಆದರೆ ಅದೇ ದಿನ ಉಜ್ಜಿಬಿಡಿ, ದಿನ ಕಳೆದಷ್ಟೂ ಗಟ್ಟಿಯಾಗುತ್ತದೆ.

ಮಿಲಿಟರಿ ಜೀಪನ್ನು ಶಿರಸಿ, ಯಲ್ಲಾಪುರ ಕಡೆ ಅಡಿಕೆ ಮೂಟೆ ಹೊರುವ ಜೀಪು ಮಾಡುವುದು ಬಣ್ಣ ಬದಲಿಸಿದಷ್ಟಕ್ಕೆ ಆಗುವ ಕೆಲಸವಲ್ಲ. ವಿಲ್ಲೀಸ್ ಕಂಪನಿ 1953ರಲ್ಲಿ ಸಿಜೆ-3ಬಿ ಎಂಬ ನಾಗರಿಕ ಜೀಪು ತಂದಾಗ ಎತ್ತರದ ಹರಿಕೇನ್ ಎಂಜಿನ್ ಕೂರಿಸಲು ಬಾನೆಟ್ ಎತ್ತರಿಸಿತು. ಮಹೀಂದ್ರ ಇಲ್ಲಿ ದಶಕಗಟ್ಟಲೆ ಓಡಿಸಿದ್ದು ಆ ಮುಖವನ್ನೇ. ನಿಂತ ಜೀಪಿಗೆ ಟೇಪ್ ಹಿಡಿದು 24ರಿಂದ ಭಾಗಿಸಿದ್ದೇ ನನ್ನ ನಕ್ಷೆ. ಬಾನೆಟ್ಟನ್ನು ನಾಲ್ಕು ಮಿಮೀ ಚಿಲ್ಲರೆ ಎತ್ತಿದೆ. ಬಾನೆಟ್ ಎತ್ತಿದರೆ ಡ್ಯಾಶ್‌ಬೋರ್ಡಿನ ಮುಂದಿನ ಕೌಲ್ ಕೂಡ ಅಷ್ಟೇ ಏಳಬೇಕು, ಇಲ್ಲದಿದ್ದರೆ ಟೋಪಿ ಇಟ್ಟಂತೆ ಮೆಟ್ಟಿಲು ಕಾಣುತ್ತದೆ. ಹಿಂದೆ ಟೇಲ್‌ಗೇಟ್ ಬರಬೇಕು, ಎಂಬಿಗೆ ಅದಿಲ್ಲ. ಸೀಟಿನಡಿಯ ಪೆಟ್ರೋಲ್ ಮುಚ್ಚಳ ಹೋಗಿ ಹೊರಬದಿಗೆ ಬರಬೇಕು. ಸ್ಟೀರಿಂಗ್, ಪೆಡಲ್, ಮೀಟರ್ ಬಲಕ್ಕೆ. ಡ್ಯಾಶ್‌ಬೋರ್ಡ್ ಕನ್ನಡಿಬಿಂಬದಂತೆ ತಿರುಗುವುದಿಲ್ಲ, ಹೊಸದೇ ಮಾಡಿ, ಅರ್ಧ ಗಂಟೆಯ ಕೆಲಸ.

ಗ್ರಿಲ್ ಮಾತ್ರ ನನ್ನನ್ನು ಅಳಿಸಿತು. ಎಂಬಿಯದ್ದು ಒಂಬತ್ತು ಸೀಳು, ಚಿಕ್ಕ ಹೆಡ್‌ಲೈಟು ಒಳಗೆ ಹುದುಗಿರುತ್ತದೆ. ಸಿಜೆಯದ್ದು ಏಳೇ ಸೀಳು, ಏಳಿಂಚಿನ ಲೈಟು, ನಮ್ಮ ಅಳತೆಗೆ 7.4 ಮಿಮೀ. ಹಾಳೆಯಲ್ಲಿ ತೂತು ಕೊರೆದು ಸೀಳು ತೆಗೆಯಲು ಹೋಗಿ ಆರು ಗ್ರಿಲ್ ಮುರಿದೆ. ಕೊನೆಗೆ ತಲೆಕೆಳಗು ಯೋಚಿಸಿದೆ: ಸೀಳು ಕೊರೆಯುವುದೇ ಬೇಡ, ಎಂಟು ಪಟ್ಟಿ ನಿಲ್ಲಿಸಿದರೆ ನಡುವೆ ಏಳು ಸೀಳು ತಾನಾಗಿ ಆಗುತ್ತದೆ. ಅಂತರ ಒಂದೇ ಸಮ ಇರಲು 1.5 ಮಿಮೀ ಡ್ರಿಲ್ ಬಿಟ್ ನಡುವೆ ಇಟ್ಟು ಅಂಟಿಸಿ. ತೆಳು ಹಾಳೆಗೆ ದುಡ್ಡು ಹಾಕಬೇಡಿ. ತಳದಲ್ಲಿ ತ್ರಿಕೋನದೊಳಗೆ 6 ಅಂಕಿ, ಪಿಎಸ್ ಅಕ್ಷರ ಇರುವ ಮೊಸರು, ಐಸ್‌ಕ್ರೀಮ್ ಕಪ್‌ಗಳೂ ಪಾಲಿಸ್ಟೈರೀನ್ನೇ. ಬಿಸಿನೀರಿನಲ್ಲಿ ಚಪ್ಪಟೆ ಮಾಡಿದರೆ ಅರ್ಧ ಮಿಮೀ ಹಾಳೆ ಪುಕ್ಕಟೆ. 5 ಅಂಕಿಯದ್ದು ಪಾಲಿಪ್ರೊಪಿಲೀನ್, ಅದಕ್ಕೆ ಯಾವ ಸಿಮೆಂಟೂ ಹಿಡಿಯುವುದಿಲ್ಲ. ಹೆಡ್‌ಲೈಟಿನ ಉಬ್ಬುಗಾಜು ಎಲ್ಲಿಂದ ತಂದೆ ಅಂತ ಎಲ್ಲರೂ ಕೇಳುತ್ತಾರೆ. ಔಷಧಿ ಅಂಗಡಿಗೆ ಹೋಗುವವರಿಗೆ ತಾನೇ ಹೊಳೆಯುತ್ತದೆ, ಅಷ್ಟು ಸಾಕು.

ಈಗ ಬಣ್ಣ. ಆಟೊ ಪೇಂಟ್ ಅಂಗಡಿಯ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್, ಅಡಿಯಲ್ಲಿ ಕಿಟ್ ಕಟ್ಟುವವರಿಗೆಂದೇ ಬರುವ ಹಾಬಿ ಪ್ರೈಮರ್. ಎನ್‌ಸಿ ಥಿನ್ನರ್ ಬರೀ ಪ್ಲಾಸ್ಟಿಕ್ಕಿಗೆ ತಾಗಿದರೆ ಬಿರುಕು ಬಿಡುತ್ತದೆ, ಮೆದು ಪ್ಲಾಸ್ಟಿಕ್ಕಿಗೆ ಇನ್ನೂ ಬೇಗ. ಪ್ರೈಮರ್ ಮೂರು ತೆಳು ಕೋಟು, 1000ದ ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ಆಮೇಲೆ ಲ್ಯಾಕರ್.

ಮಳೆಗಾಲದಲ್ಲಿ ಲ್ಯಾಕರ್ ಹಾಲು ಚೆಲ್ಲಿದಂತೆ ಬೆಳ್ಳಗಾಗುವುದು ಗಾಳಿಯ ತೇವ ನೇರವಾಗಿ ಬಣ್ಣಕ್ಕೆ ಬೆರೆತು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಥಿನ್ನರ್ ಆರುವಾಗ ಬಣ್ಣ ಹೊಡೆದ ಮೈ ತಣ್ಣಗಾಗುತ್ತದೆ. 27 ಡಿಗ್ರಿ, ಶೇಕಡಾ 90ರ ತೇವ ಇದ್ದರೆ ಮೈ ಎರಡೇ ಡಿಗ್ರಿ ತಣಿದರೂ ಅದರ ಮೇಲೆ ಇಬ್ಬನಿ ಕೂರುತ್ತದೆ. ಕೋಣೆ ಒಣಗಿಸುವುದು ನಮ್ಮ ಕೈಲಾಗದ ಕೆಲಸ, ಆದರೆ ಬಾಡಿಯನ್ನು ಬಿಸಿ ಇಟ್ಟರೆ ಇಬ್ಬನಿಗೆ ಜಾಗವೇ ಇಲ್ಲ. ನನ್ನ ಪಟ್ಟೆಲ್ಲ ಇಷ್ಟೇ.

ಬೈತಖೋಲ ಬಂದರಿನ ಕಡೆ ಮೀನಿಗೆ ಐಸ್ ತುಂಬುವ ಥರ್ಮಾಕೋಲ್ ಪೆಟ್ಟಿಗೆ ತಂದೆ, ತೊಳೆದರೂ ವಾಸನೆ ಎರಡು ವಾರ ಇತ್ತು. ಒಳಗೆ 60 ವ್ಯಾಟಿನ ಹಳೇ ಬಲ್ಬು, ಅದಕ್ಕೆ ತೂತು ಹೊಡೆದ ಡಬ್ಬಿಯ ಮರೆ. ಮೊದಲ ಪೆಟ್ಟಿಗೆ ಮೂರೇ ದಿನಕ್ಕೆ ಒಳಗಿನಿಂದ ಕರಗಿತು. ಥರ್ಮಾಕೋಲೂ ಪಾಲಿಸ್ಟೈರೀನ್ ಅಲ್ಲವೇ, ಥಿನ್ನರ್ ಆವಿ ತಿಂದುಹಾಕಿತು. ಎರಡನೆಯದಕ್ಕೆ ಪೂರ್ತಿ ಅಲ್ಯುಮಿನಿಯಂ ಫಾಯಿಲ್ ಹೊದಿಸಿದೆ, ಈಗಲೂ ನಡೆಯುತ್ತಿದೆ. ಒಳಗೆ 40ರಿಂದ 42 ಡಿಗ್ರಿ ಸಾಕು. ಹೊರಗಿನ 90ರ ತೇವ ಆ ಬಿಸಿಗೆ 40ರ ಆಸುಪಾಸಿಗೆ ಇಳಿಯುತ್ತದೆ. ಮುಚ್ಚಳ ಬಿಗಿಯಾಗಿ ಹಾಕಿ 60 ದಾಟಿಸಿದ ದಿನ ಬಾನೆಟ್ ಜೋತುಬಿತ್ತು.

ಬಿಸಿ ಮಾಡಿ ಹೊರಗೆ ತೆಗೆದರೆ ಒಂದೂವರೆ ಮಿಮೀ ದಪ್ಪದ ಬಾಡಿ ಎರಡು ನಿಮಿಷದಲ್ಲಿ ತಣಿಯುತ್ತದೆ. ಎಲ್ಲರೂ ಸೋತದ್ದು ಇಲ್ಲೇ. ಸಣ್ಣ ಬಟ್ಟೆ ಚೀಲದಲ್ಲಿ ಸುಮಾರು 200 ಗ್ರಾಂ ಮರಳು ತುಂಬಿ ಬಾಡಿಯ ಒಳಮೈಗೆ ತಾಗುವಂತೆ ತುರುಕಿ, ಎರಡನ್ನೂ ಒಟ್ಟಿಗೆ ಮುಕ್ಕಾಲು ಗಂಟೆ ಬಿಸಿ ಮಾಡಿ. ಹತ್ತು ನಿಮಿಷ ಬಿಸಿ ಹಿಡಿದಿರುತ್ತದೆ. ಸಮುದ್ರದ ಮರಳಾದರೆ ಸಿಹಿನೀರಿನಲ್ಲಿ ಐದಾರು ಸಲ ತೊಳೆಯಿರಿ, ಉಪ್ಪು ಉಳಿದರೆ ಅದೇ ತೇವ ಎಳೆಯುತ್ತದೆ. 12ರಿಂದ 15 ಸೆಂಮೀ ದೂರದಿಂದ, 20 ಪಿಎಸ್‌ಐ ಗಾಳಿಯೊತ್ತಡದ ಆಸುಪಾಸಿನಲ್ಲಿ ಸ್ಪ್ರೇ ಗನ್ನಿನಿಂದ ತೆಳುವಾಗಿ ಒಂದು ಸುತ್ತು. ಆಮೇಲೆ ಕಿಟಕಿ ಪಕ್ಕ ಹದಿನೈದು ನಿಮಿಷ, ಥಿನ್ನರ್ ವಾಸನೆ ಪೂರ್ತಿ ಹೋದ ಮೇಲೆ ಮಾತ್ರ ಮತ್ತೆ ಪೆಟ್ಟಿಗೆಗೆ. ಪೆಟ್ಟಿಗೆಯೊಳಗೆ ಸ್ಪ್ರೇ ಮಾಡಿದರೆ, ಹಸಿ ಬಣ್ಣ ಒಳಗಿಟ್ಟರೆ, ಬಲ್ಬಿನ ಬಿಸಿಗೆ ಬೆಂಕಿ ಹಿಡಿಯುತ್ತದೆ. ಇದರಲ್ಲಿ ತಮಾಷೆ ಬೇಡ. ಹೀಗೆ ಐದು ಕೋಟು. ಥಿನ್ನರಿಗೆ ಸ್ವಲ್ಪ ರಿಟಾರ್ಡರ್ (ಆರುವುದನ್ನು ನಿಧಾನ ಮಾಡುವ ದ್ರವ) ಬೆರೆಸಿದ್ದೇನೆ, ಎಷ್ಟು ಅಂತ ಹೇಳುವುದಿಲ್ಲ, ನಿಮ್ಮ ಬಣ್ಣಕ್ಕೆ ನೀವೇ ಹದ ಹುಡುಕಿ.

ಈಗಾಗಲೇ ಬೆಳ್ಳಗಾದ ಕೋಟನ್ನು ಕಿತ್ತುಹಾಕಬೇಡಿ. ಬಾಡಿ ಬಿಸಿ ಮಾಡಿ ರಿಟಾರ್ಡರ್ ಬೆರೆಸಿದ ಬರೀ ಥಿನ್ನರನ್ನು ಮಂಜಿನಂತೆ ಹೊಡೆದರೆ ಲ್ಯಾಕರ್ ಮತ್ತೆ ಕರಗಿ ತಿಳಿಯಾಗುತ್ತದೆ. ಕಂಪ್ರೆಸರಿನ ನೀರು ಬೇರೆಯೇ ಪೀಡೆ: ನೀರು ಹಿಡಿಯುವ ಟ್ರ್ಯಾಪ್ ಗನ್ನಿನ ಹತ್ತಿರ ಇರಲಿ, ಟ್ಯಾಂಕಿನ ನೀರು ಪ್ರತಿ ಕೋಟಿಗೂ ಬಿಡಿ. ಶಿರಸಿಯ ಗೆಳೆಯರೊಬ್ಬರು ಅಡಿಕೆ ಒಣಗಿಸುವ ಅಟ್ಟದ ಮೇಲೆ ಬಾಡಿ ಇಟ್ಟು ನೋಡಿದರು. ಒಣಗಿತು ನಿಜ, ಹಳದಿ ಜೀಪು ಚಾಲಿ ಅಡಿಕೆಯ ಬಣ್ಣಕ್ಕೆ ತಿರುಗಿತ್ತು.

ತುಕ್ಕು ಕಿತ್ತಂತೆ ಕಾಣಲು ಉಪ್ಪು ಉದುರಿಸಿ ಬಣ್ಣ ಹೊಡೆಯುವ ವಿದ್ಯೆ ಮಳೆಗಾಲಕ್ಕಲ್ಲ. ಸಾಣಿಕಟ್ಟಾದ ಹರಳುಪ್ಪು ಹಾಕಿದೆ, ಬಣ್ಣದಡಿಯಲ್ಲೇ ನೀರೊಡೆದು ಗುಳ್ಳೆ ಎದ್ದಿತು. ಸ್ಪಂಜಿನ ಚೂರಿನಿಂದ ತುಕ್ಕಿನ ಬಣ್ಣ ಒತ್ತಿದ್ದೇ ಚೆನ್ನಾಗಿ ಬಂತು. ಮಣ್ಣಿಗೆ ಚೀರೆಕಲ್ಲಿನ ಪುಡಿ. ಜರಡಿ ಹಿಡಿದರೂ ಕಣ ದಪ್ಪ, 1/24ರಲ್ಲಿ ಜಲ್ಲಿ ಹಾಕಿದಂತೆ ಕಾಣುತ್ತದೆ. ನೀರಿನಲ್ಲಿ ಕದಡಿ ಒಂದು ನಿಮಿಷ ಬಿಟ್ಟು ಮೇಲಿನ ಕೆಂಪುನೀರು ಮಾತ್ರ ಬಗ್ಗಿಸಿ ಒಣಗಿಸಿ, ಆ ಗಸಿಯೇ ನಿಮ್ಮ ಘಟ್ಟದ ಧೂಳು.

ಖರ್ಚು ನೆನಪಿದ್ದಷ್ಟು: ಕಿಟ್ 1,100, ಪ್ರೈಮರ್ 600, ಬಣ್ಣ, ಥಿನ್ನರ್, ರಿಟಾರ್ಡರ್ ಸೇರಿ 700ರ ಹತ್ತಿರ, ಪೇಪರ್, ಬ್ಲೇಡು 300, ಪೆಟ್ಟಿಗೆ, ಬಲ್ಬು 200. ಹಾಳುಮಾಡಿದ್ದೂ ಸೇರಿಸಿದರೆ ಮೂರೂವರೆ ಸಾವಿರ ಮುಟ್ಟಿರಬಹುದು. ಒಳ್ಳೆಯ ಕಿಟ್ ತರಿಸಿದ್ದರೂ ಹೆಚ್ಚುಕಮ್ಮಿ ಅಷ್ಟೇ ಆಗುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಅದರಲ್ಲಿ ಎತ್ತರದ ಬಾನೆಟ್ ಇರುತ್ತಿರಲಿಲ್ಲ.

ನಂಬರ್ ಪ್ಲೇಟ್ 500 ಗುಣಿಸು 120 ಮಿಮೀಯದ್ದು, ಕುಗ್ಗಿಸಿದರೆ 20.8 ಗುಣಿಸು 5. ಫೋಟೊ ಪೇಪರಿನಲ್ಲಿ ಕೆಎ-31 ಮುದ್ರಿಸಿ ಅಂಟಿಸಿದೆ. ಗಾಜಿಗೆ ಫೆವಿಕ್ವಿಕ್ ತಾಗಿಸಬೇಡಿ, ನಮ್ಮ ಹವೆಯಲ್ಲಿ ಅದರ ಆವಿ ಒಂದೇ ರಾತ್ರಿಗೆ ಗಾಜನ್ನು ಮಂಜು ಮಾಡುತ್ತದೆ, ಬಿಳಿ ಫೆವಿಕಾಲ್ ಸಾಕು. ಟೈರ್ ಮೆತ್ತನೆಯ ವಿನೈಲ್ ಆದರೆ ರಿಮ್ಮಿಗೆ ತೊಡಿಸುವ ಮೊದಲು ನಡುವೆ ತೆಳು ಫಾಯಿಲ್ ಸುತ್ತಿ. ವಿನೈಲ್‌ನ ಎಣ್ಣೆ ಸ್ಟೈರೀನನ್ನು ನಿಧಾನವಾಗಿ ಕರಗಿಸುತ್ತದೆ. ಹಳೆಯ ಕಿಟ್ಟೊಂದರಲ್ಲಿ ಇದು ಗೊತ್ತಾಗುವಷ್ಟರಲ್ಲಿ ನಾಲ್ಕೂ ರಿಮ್ಮು ಟೈರಿಗೆ ಬೆಸೆದುಹೋಗಿದ್ದವು.