ಊರಿನ ಹೆಸರಿನ ಕಪಾಟುಗಳು

ಸಾಗರ ತಾಲ್ಲೂಕಿನ ನಮ್ಮ ಊರಿನಲ್ಲಿ ಇತಿಹಾಸ ಕೇಂದ್ರವೆಂದು ನಾವು ಕರೆಯುವುದು, ಹಿಂದೊಮ್ಮೆ ಅಡಿಕೆ ದಾಸ್ತಾನು ಮಾಡುತ್ತಿದ್ದ ಒಂದು ಹೆಂಚಿನ ಕಟ್ಟಡವನ್ನು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ಮೇಲೆ ಅದರ ಗ್ರಂಥಾಲಯದ ಹೊಣೆ ನನ್ನ ಪಾಲಿಗೆ ಬಂತು. ಒಂದು ವರ್ಷ ಆರಿದ್ರಾ ಮಳೆ ಜಡಿ ಹಿಡಿದು, ಎರಡು ವಾರ ಬಾಗಿಲು ತೆಗೆಯಲಾಗಲಿಲ್ಲ. ಮಳೆ ಹೊಳವಾದ ದಿನ ಹೋಗಿ ಕಬ್ಬಿಣದ ಬೀರು ತೆರೆದರೆ, ಕೆಳಗಿನ ಎರಡು ಅರೆಗಳ ಪುಸ್ತಕಗಳ ಬೆನ್ನಿಗೆಲ್ಲ ಬೂದು ಹಸಿರು ಬಣ್ಣದ ಬೂಷ್ಟು ಹಿಡಿದಿತ್ತು. ಮೂಲೆಯಲ್ಲಿದ್ದ ಹಳೆಯ ಗೆಜೆಟಿಯರಿನ ರಟ್ಟನ್ನು ಕೈಯಲ್ಲಿ ಹಿಡಿದಾಗ ಅದು ನೆನೆದ ಅವಲಕ್ಕಿಯಂತೆ ಮೆತ್ತಗಾಗಿತ್ತು. ಗ್ರಂಥಾಲಯದ ನವೀಕರಣ ಎಂಬ ಕೆಲಸಕ್ಕೆ ನಾವು ಕೈಹಾಕಿದ್ದು ಆ ದಿನ.

ಮೊದಲು ಎಲ್ಲರೂ ಹೇಳಿದ್ದು ಹೊಸ ಬೀರು ತರಿಸೋಣ ಎಂದೇ. ಒಂದು ತೇವಾಂಶ ಮಾಪಕವನ್ನು ತಂದು ಕೋಣೆಯ ನಡುವೆ, ಬೀರುವಿನ ಒಳಗೆ, ಗೋಡೆಯ ಪಕ್ಕದಲ್ಲಿ ಇಟ್ಟು ದಿನಕ್ಕೆರಡು ಸಲ ಬರೆದುಕೊಳ್ಳತೊಡಗಿದ ಮೇಲೆ ವಿಷಯ ಬೇರೆಯೇ ಆಗಿ ಕಂಡಿತು. ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 65ರಿಂದ 70ನ್ನು ದಾಟಿ ಕೆಲವು ದಿನ ನಿಂತರೆ ಕಾಗದದ ಮೇಲೆ ಬೂಷ್ಟು ಏಳುತ್ತದೆ. ಮಳೆಗಾಲದಲ್ಲಿ ನಮ್ಮ ಕೋಣೆಯ ಗಾಳಿ 85ರ ಮೇಲೆಯೇ ಇತ್ತು; ಮುಚ್ಚಿದ ಬೀರುವಿನೊಳಗೆ ಇನ್ನೂ ಹೆಚ್ಚು. ತೇವ ಒಳಗೆ ಹೋಗುತ್ತಿತ್ತು, ಹೊರಗೆ ಬರಲು ದಾರಿ ಇರಲಿಲ್ಲ. ಬೀರುವನ್ನು ಗೋಡೆಗೆ ಒತ್ತರಿಸಿ ಇಟ್ಟದ್ದು ನಾವೇ. ಆ ಗೋಡೆ ಜಂಬಿಟ್ಟಿಗೆಯದು. ಕೆಲವು ವರ್ಷಗಳ ಹಿಂದೆ ಚೆನ್ನಾಗಿ ಕಾಣಲಿ ಎಂದು ಅದಕ್ಕೆ ಸಿಮೆಂಟು ಗಿಲಾವು ಮಾಡಿಸಿ ಮೇಲೆ ಎಣ್ಣೆ ಬಣ್ಣ ಹೊಡೆಸಿದ್ದೆವು. ಜಂಬಿಟ್ಟಿಗೆ ನೆಲದ ನೀರನ್ನು ಹೀರುವ ಕಲ್ಲು. ಹೀರಿದ ನೀರು ಸುಣ್ಣದ ಗಾರೆಯ ಮೂಲಕ ಆರಿಹೋಗುತ್ತದೆ, ಸಿಮೆಂಟಿನ ಹಿಂದೆ ಸಿಕ್ಕಿಬಿದ್ದು ಮೇಲಕ್ಕೇರುತ್ತದೆ.

ಹಾಗಾಗಿ ಪುಸ್ತಕಕ್ಕಿಂತ ಮೊದಲು ಗೋಡೆಗೆ ಹಣ ಹಾಕಬೇಕಾಯಿತು. ಇದಕ್ಕೆ ಸಮಿತಿಯಲ್ಲಿ ಒಪ್ಪಿಗೆ ಪಡೆಯುವುದು ಸುಲಭವಾಗಿರಲಿಲ್ಲ, ಏಕೆಂದರೆ ದಾನ ಕೊಟ್ಟವರಿಗೆ ತೋರಿಸಲು ಗೋಡೆಯ ಒಳಗಿನ ಕೆಲಸ ಕಾಣುವುದಿಲ್ಲ. ಮಳೆಗಾಲ ಮುಗಿದು ಅಡಿಕೆ ಕೊಯ್ಲಿನ ಗಡಿಬಿಡಿಯೂ ಕಳೆದ ಮೇಲೆ, ನೆಲದಿಂದ ನಾಲ್ಕು ಅಡಿ ಎತ್ತರದವರೆಗೆ ಸಿಮೆಂಟು ಕೆತ್ತಿಸಿ, ಇಡೀ ಬೇಸಿಗೆ ಗೋಡೆಯನ್ನು ಹಾಗೆಯೇ ಆರಲು ಬಿಟ್ಟು, ಆಮೇಲೆ ಸುಣ್ಣದ ಗಾರೆ ಹಾಕಿಸಿದೆವು. ಹೆಂಚು ಕೈಯಾಡಿಸಿ ಒಡೆದವನ್ನು ಬದಲಿಸಿದೆವು, ಎರಡು ಕೊಳೆತ ರೀಪುಗಳನ್ನು ತೆಗೆದೆವು, ಮಾಡಿನ ತುದಿಯಲ್ಲಿ ಮುಚ್ಚಿಹೋಗಿದ್ದ ಗಾಳಿಕಿಂಡಿಗಳನ್ನು ತೆರೆದು ಸೊಳ್ಳೆ ಜಾಲರಿ ಬಡಿದೆವು. ಬೀರುಗಳನ್ನು ಕೊಟ್ಟು ತೆರೆದ ಕಬ್ಬಿಣದ ರ‍್ಯಾಕುಗಳನ್ನು ತಂದು, ಗೋಡೆಗೂ ಅವಕ್ಕೂ ನಡುವೆ ಒಂದು ಗೇಣು ಜಾಗ ಬಿಟ್ಟು, ಕೆಳಗಿನ ಅರೆಯನ್ನು ನೆಲದಿಂದ ಅರ್ಧ ಅಡಿ ಮೇಲೆ ನಿಲ್ಲಿಸಿದೆವು. ಆ ಗೇಣು ಜಾಗದಲ್ಲಿ ಗೆದ್ದಲು ಮಣ್ಣಿನ ಗೆರೆ ಎಳೆದರೆ ಮರುದಿನವೇ ಕಣ್ಣಿಗೆ ಬೀಳುತ್ತದೆ. ಮಲೆನಾಡಿನಲ್ಲಿ ಪುಸ್ತಕ ಇಡುವವರಿಗೆ ನಾನು ಒಂದೇ ಮಾತು ಹೇಳುವುದಾದರೆ ಈ ಒಂದು ಗೇಣಿನ ಮಾತನ್ನೇ ಹೇಳುತ್ತೇನೆ.

ಬೂಷ್ಟು ಹಿಡಿದ ಪುಸ್ತಕಗಳ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದೆ. ಹಪ್ಪಳ ಒಣಗಿಸುವಂತೆ ಅಂಗಳದ ಬಿಸಿಲಿನಲ್ಲಿ ಚಾಪೆಯ ಮೇಲೆ ಹರಡಿದೆ. ಸಂಜೆಯೊಳಗೆ ಸುಮಾರು ಇಪ್ಪತ್ತು ಪುಸ್ತಕಗಳ ರಟ್ಟು ಬಿಲ್ಲಿನಂತೆ ಬಾಗಿ, ಹೊಲಿಗೆಯ ಅಂಟು ಬಿರಿದು, ಹಾಳೆಗಳು ಕೈಗೆ ಬಂದವು. ನೇರ ಬಿಸಿಲು ಕಾಗದದ ಮೇಲ್ಮೈಯನ್ನು ಮಾತ್ರ ಬೇಗ ಒಣಗಿಸುತ್ತದೆ, ಒಳಗಿನ ತೇವ ಉಳಿದು ರಟ್ಟನ್ನು ಎಳೆಯುತ್ತದೆ. ನಂತರದ ಪುಸ್ತಕಗಳನ್ನು ಜಗಲಿಯ ನೆರಳಿನಲ್ಲಿ, ಬೀಸಣಿಗೆಯ ಗಾಳಿಯಲ್ಲಿ, ಪುಟಗಳ ನಡುವೆ ಒತ್ತುಕಾಗದ ಇಟ್ಟು ಮೂರು ನಾಲ್ಕು ದಿನ ಆರಿಸಿದೆವು. ಬೂಷ್ಟು ಪೂರ್ತಿ ಒಣಗಿ ಪುಡಿಯಾಗುವವರೆಗೆ ಅದನ್ನು ಮುಟ್ಟಲಿಲ್ಲ, ಹಸಿಯಿದ್ದಾಗ ಉಜ್ಜಿದರೆ ಅದು ಕಾಗದದೊಳಕ್ಕೆ ಇಳಿದು ಕಲೆಯಾಗಿ ನಿಲ್ಲುತ್ತದೆ. ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕಟ್ಟಡದ ಹೊರಗೆ ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ಕುಳಿತು, ಮೆತ್ತನೆಯ ಕುಂಚದಿಂದ ಬೆನ್ನಿನಿಂದ ಅಂಚಿನ ಕಡೆಗೆ ಗುಡಿಸಿದೆವು. ಕಾಲೇಜಿಗೆ ಹೋಗುವ ಹುಡುಗಿಯರು ಆರು ಭಾನುವಾರ ಈ ಕೆಲಸ ಮಾಡಿದರು. ಅವರಷ್ಟು ತಾಳ್ಮೆ ನನಗಿರಲಿಲ್ಲ.

ಅದೇ ದಿನಗಳಲ್ಲಿ ಒಂದು ಕಡತ ನಮ್ಮ ಕೈಗೆ ಬಂತು. ಕಡತ ಎಂಬ ಮಾತು ಈಗ ಕಚೇರಿಯ ಫೈಲಿಗೆ ನಿಂತಿದೆಯಾದರೂ ಮೂಲದಲ್ಲಿ ಅದು ಬಟ್ಟೆಯ ಪುಸ್ತಕ: ಹುಣಸೆ ಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಹಿಂದೆ ಮುಂದೆ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಹಾಳೆ. ತಂದವರು ಪಕ್ಕದ ಹಳ್ಳಿಯ ಒಬ್ಬ ಹಿರಿಯರು. ಅಡುಗೆಮನೆಯ ಮೇಲಿನ ಹೊಗೆಯಟ್ಟದಲ್ಲಿ ಇದ್ದದ್ದರಿಂದ ಅದಕ್ಕೆ ಹುಳು ಬಿದ್ದಿರಲಿಲ್ಲ, ಮಸಿ ಮಾತ್ರ ದಪ್ಪಗೆ ಕಟ್ಟಿತ್ತು. ನಮ್ಮ ಹುಡುಗನೊಬ್ಬ ಒದ್ದೆ ಬಟ್ಟೆ ಹಿಡಿದುಕೊಂಡು ಒರಸಲು ಹೊರಟಾಗ ಆ ಹಿರಿಯರೇ ಅವನ ಕೈ ಹಿಡಿದು ತಡೆದರು. "ತಮಾ, ಒರಸಿದ್ರೆ ಅಕ್ಷರ ಹೋಗ್ತದೆ. ಒರಸಿ ಮತ್ತೆ ಬರೀಲಿಕ್ಕೇ ಮಾಡಿದ್ದು ಅದು" ಎಂದರು. ಅವರ ಮಾತು ನಿಜ. ಬಳಪದ ಬರಹ ಬೆರಳು ತಾಗಿದರೂ ಮಸುಕಾಗುತ್ತದೆ. ಅಂದಿನಿಂದ ನಮ್ಮ ನಿಯಮ, ಯಾವುದೇ ಹಳೆಯ ಬರಹವನ್ನು ಮೊದಲು ಬಂದ ಹಾಗೆಯೇ ಚಿತ್ರ ತೆಗೆಯುವುದು, ಶುಚಿ ಮಾಡಬೇಕೇ ಬೇಡವೇ ಎಂಬುದು ಆಮೇಲಿನ ಮಾತು. ಕಿಟಕಿಯ ಪಕ್ಕ ಒಂದು ಮೇಜು, ಅದರ ಮೇಲೆ ಫೋನನ್ನು ನೇರ ಕೆಳಮುಖವಾಗಿ ಹಿಡಿಯುವ ಮರದ ಚೌಕಟ್ಟು, ಹಾಳೆಯ ಪಕ್ಕದಲ್ಲಿ ಒಂದು ಅಳತೆಪಟ್ಟಿ, ಇಷ್ಟೇ ನಮ್ಮ ಉಪಕರಣ.

ಚಿತ್ರ ತೆಗೆದು ಮುಗಿಸಿ, ಇದನ್ನು ಕೇಂದ್ರಕ್ಕೇ ಕೊಡುವಿರಾ ಎಂದು ನಾನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಷ್ಟ್ರೇ, ನೋಡಿ ಕೊಡ್ಲಿ ಅಂತ ತಂದಿದ್ದು, ಬಿಟ್ಟು ಹೋಗ್ಲಿಕ್ಕಲ್ಲ" ಎಂದರು. ನನಗೆ ಆಗ ಬೇಸರವಾಗಿದ್ದು ನಿಜ. ಈಗ ಅವರ ಮಾತಿನ ಮೇಲೆಯೇ ನಮ್ಮ ಕೇಂದ್ರ ನಿಂತಿದೆ: ಮೂಲ ಮನೆಯಲ್ಲಿರಲಿ, ಪ್ರತಿ ನಮ್ಮಲ್ಲಿರಲಿ. ತಂದವರ ಎದುರಿಗೇ ಚಿತ್ರ ತೆಗೆದು, ಅದೇ ದಿನ ಮೂಲವನ್ನು ಹೊಸ ಕೋರಾ ಬಟ್ಟೆಯಲ್ಲಿ ಸುತ್ತಿ ಹಿಂದಿರುಗಿಸುತ್ತೇವೆ. ಪ್ರತಿಯನ್ನು ಎಲ್ಲರಿಗೂ ತೋರಿಸಬಹುದೇ, ಮನೆಯವರ ಒಪ್ಪಿಗೆ ಪಡೆದವರಿಗೆ ಮಾತ್ರವೇ, ಅಥವಾ ಸದ್ಯ ಯಾರಿಗೂ ಬೇಡವೇ ಎಂಬುದನ್ನು ಅವರೇ ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡುತ್ತಾರೆ. ಹೀಗೆ ಹಿಂದಿರುಗಿಸತೊಡಗಿದ ಮೇಲೆ ತಾಳೆಗರಿ, ಗೇಣಿ ಚೀಟಿ, ಮದುವೆಯ ಲೆಕ್ಕದ ಪಟ್ಟಿ, ತಿಗಳಾರಿ ಲಿಪಿಯಲ್ಲಿ ಬರೆದ ಪೂಜಾ ವಿಧಿ, ಎಲ್ಲವೂ ತಾವಾಗಿ ಬಂದವು. ಯಾರ ಮನೆಗೂ ಹೋಗಿ ನಾವು ಕೇಳಬೇಕಾಗಲಿಲ್ಲ.

ಪುಸ್ತಕಗಳನ್ನು ಜೋಡಿಸುವ ಪ್ರಶ್ನೆ ಬಂದಾಗ, ಗ್ರಂಥಾಲಯಗಳಲ್ಲಿ ವಿಷಯಕ್ಕೊಂದು ಸಂಖ್ಯೆ ಕೊಡುವ ದಶಮಾಂಶ ವರ್ಗೀಕರಣವನ್ನು ಮೊದಲು ಪ್ರಯತ್ನಿಸಿದೆವು. ಇಡೀ ಕೋಣೆಯ ಬಹುಪಾಲು 954.87 ಎಂಬ ಒಂದೇ ಸಂಖ್ಯೆಯ ಕೆಳಗೆ, ಅಂದರೆ ಕರ್ನಾಟಕದ ಇತಿಹಾಸದ ಕೆಳಗೆ, ಗುಡ್ಡೆಯಾಗಿ ಬಿತ್ತು. ನಮ್ಮಲ್ಲಿಗೆ ಬರುವವರು ಕೇಳುವುದು ಬೇರೆ ರೀತಿಯಲ್ಲಿ: ನಮ್ಮ ಊರಿನದು ಏನಿದೆ? ಆದ್ದರಿಂದ ಒಂದು ಗೋಡೆಯ ರ‍್ಯಾಕುಗಳನ್ನು ತಾಲ್ಲೂಕು, ಹೋಬಳಿ, ಊರು ಎಂಬ ಕ್ರಮದಲ್ಲಿಟ್ಟು, ಊರಿಗೊಂದು ಪೆಟ್ಟಿಗೆ ಮಾಡಿದೆವು. ಅದರೊಳಗೆ ಆ ಊರಿನ ಶಾಸನದ ಪಾಠ, ಮನೆಗಳ ದಾಖಲೆಗಳ ಪ್ರತಿ, ಶಾಲೆಯ ಸ್ಮರಣ ಸಂಚಿಕೆ, ಜಾತ್ರೆಯ ಕರಪತ್ರ ಎಲ್ಲವೂ ಒಟ್ಟಿಗೆ ಇವೆ.

ಇದಕ್ಕೆ ಬೆನ್ನೆಲುಬಾದದ್ದು ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೆಯ ಸಂಪುಟಗಳು. ಮೊದಲನೆಯದು 1902ರಲ್ಲಿ, ಎರಡನೆಯದು 1904ರಲ್ಲಿ ಪ್ರಕಟವಾದವು. ತಾಲ್ಲೂಕಿನ ಹೆಸರು ಮತ್ತು ಒಂದು ಸಂಖ್ಯೆ ಹೇಳಿದರೆ ಶಾಸನ ಸಿಗುತ್ತದೆ. ಆದರೆ ಆ ತಾಲ್ಲೂಕುಗಳು ಇಂದಿನವಲ್ಲ. ಹೊಸನಗರದವರು ತಮ್ಮ ಊರನ್ನು ಹುಡುಕಬೇಕಾದದ್ದು ನಗರ ತಾಲ್ಲೂಕಿನಲ್ಲಿ. ಶಿವಮೊಗ್ಗ ಜಿಲ್ಲೆಯ ಸಂಪುಟದಲ್ಲಿರುವ ಚನ್ನಗಿರಿ, ಹೊನ್ನಾಳಿಗಳು 1997ರಿಂದ ದಾವಣಗೆರೆ ಜಿಲ್ಲೆಯಲ್ಲಿವೆ. ನಗರವೆಂಬ ಊರಿಗೇ ಮೂರು ಹೆಸರು: ಕೆಳದಿ ಅರಸರ ಕಾಲದ ಬಿದನೂರು 1763ರಲ್ಲಿ ಹೈದರಾಲಿಯ ವಶವಾದ ಮೇಲೆ ಹೈದರ್‌ನಗರವಾಗಿ, ಕೊನೆಗೆ ಬರಿಯ ನಗರವಾಗಿ ಉಳಿಯಿತು. ಆದ್ದರಿಂದ ಪ್ರತಿ ಪೆಟ್ಟಿಗೆಯ ಮೇಲೆ ಇಂದಿನ ಹೆಸರಿನ ಕೆಳಗೆ ಹಳೆಯ ಹೆಸರುಗಳನ್ನೂ ಬರೆದಿದ್ದೇವೆ. ಶಾಸನದಲ್ಲಿ ತನ್ನ ಊರಿನ ಹೆಸರನ್ನು ಬೆರಳಿಟ್ಟು ಓದಿದ ಏಳನೆಯ ತರಗತಿಯ ಹುಡುಗನೊಬ್ಬ ಮರುದಿನ ಅಜ್ಜನನ್ನು ಕರೆದುಕೊಂಡು ಬಂದಿದ್ದ.

ಕಾರ್ಯಕ್ರಮಗಳ ವೇಳೆಯನ್ನು ನಾವು ಬೇಸಾಯ ನೋಡಿ ಇಟ್ಟುಕೊಂಡಿದ್ದೇವೆ. ನಾಟಿಯ ದಿನಗಳಲ್ಲಿಯೂ ಅಡಿಕೆ ಸುಲಿಯುವ ದಿನಗಳಲ್ಲಿಯೂ ಏನೂ ಇಲ್ಲ. ಚಳಿಗಾಲದ ರಾತ್ರಿಗಳಲ್ಲಿ ವೀರಗಲ್ಲು ನೋಡಲು ಹೋಗುತ್ತೇವೆ. ರಾತ್ರಿಯೇ ಏಕೆಂದರೆ, ಸವೆದ ಅಕ್ಷರದ ಮೇಲೆ ಹಗಲ ಬೆಳಕು ನೇರ ಬಿದ್ದರೆ ಏನೂ ತಿಳಿಯುವುದಿಲ್ಲ. ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ತಾಗಿಸಿ ಓರೆಯಾಗಿ ಬೆಳಕು ಬಿಟ್ಟರೆ ಪ್ರತಿ ಗೀರಿನ ನೆರಳೂ ಎದ್ದು ನಿಲ್ಲುತ್ತದೆ. ಕಲ್ಲಿಗೆ ಸೀಮೆಸುಣ್ಣ ಬಳಿಯಲು, ತಂತಿ ಕುಂಚದಿಂದ ಉಜ್ಜಲು ನಾವು ಯಾರಿಗೂ ಬಿಡುವುದಿಲ್ಲ.

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಕೊಳಗದ ಸಂಜೆ. ಕಾಗೋಡು ನಮ್ಮ ತಾಲ್ಲೂಕಿನದೇ ಊರು. 1951ರಲ್ಲಿ ಅಲ್ಲಿ ನಡೆದ ಗೇಣಿದಾರರ ಸತ್ಯಾಗ್ರಹ, ಎಚ್. ಗಣಪತಿಯಪ್ಪನವರ ಮುಂದಾಳತ್ವ, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು, ಎಲ್ಲವೂ ಪುಸ್ತಕಗಳಲ್ಲಿವೆ. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೂ ಆ ಜಗಳದ ಮೂಲಗಳಲ್ಲಿ ಒಂದಾಗಿತ್ತು. ಮನೆಯಲ್ಲಿ ಹಳೆಯ ಕೊಳಗವಿದ್ದವರು ತನ್ನಿ ಎಂದು ನಾವು ಹೇಳಿಕಳಿಸಿದ್ದೆವು. ಐದು ಬಂದವು. ಎರಡು ಒಡೆಯರ ಮನೆತನದವು, ಮೂರು ಗೇಣಿ ಮಾಡಿದ ದೀವರ ಮನೆಗಳವು. ಮೇಜಿನ ಮೇಲೆ ಸಾಲಾಗಿ ಇಟ್ಟು, ಒಡೆಯರ ಮನೆಯ ಒಂದರಲ್ಲಿ ಭತ್ತ ತುಂಬಿ ಗೇಣಿದಾರರ ಮನೆಯ ಒಂದಕ್ಕೆ ಸುರಿದೆವು. ಎರಡನೆಯದು ಅಂಚಿನವರೆಗೆ ತುಂಬಿದ ಮೇಲೂ ಮೊದಲನೆಯದರಲ್ಲಿ ಒಂದು ಬೊಗಸೆ ಭತ್ತ ಉಳಿಯಿತು. ಕೋಣೆ ಸ್ತಬ್ಧವಾಯಿತು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಖಂಡುಗಕ್ಕೆ ಇಪ್ಪತ್ತು ಬೊಗಸೆ, ಹತ್ತು ಖಂಡುಗ ಗೇಣಿಗೆ ಇನ್ನೂರು ಬೊಗಸೆ ಎಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಅಜ್ಜಿ ಬಾಯಿಲೆಕ್ಕ ಮಾಡಿ ಹೇಳಿದರು. ದೊಡ್ಡ ಕೊಳಗ ತಂದಿದ್ದ ಮನೆಯ ಯುವಕ ಎದ್ದು ನಿಂತು, "ಇದನ್ನು ನಾವು ದೇವರ ಕೋಣೆಯಲ್ಲಿಟ್ಟಿದ್ದೆವು ಅಜ್ಜಿ, ಅಳತೆ ಹೀಗಿತ್ತು ಅಂತ ಗೊತ್ತಿರಲಿಲ್ಲ" ಎಂದ. ಅಜ್ಜಿ ಅವನನ್ನು ಹತ್ತಿರ ಕರೆದು ಕೂರಿಸಿಕೊಂಡು, ತಮ್ಮ ಮನೆಗೆ ಜಮೀನು ಬಂದ ಕಥೆಯನ್ನು, 1974ರ ಭೂಸುಧಾರಣೆಯ ನಂತರ ಡಿಕ್ಲರೇಷನ್ ಕೊಟ್ಟು ನ್ಯಾಯಮಂಡಳಿಗೆ ಅಲೆದ ದಿನಗಳನ್ನು ಹೇಳತೊಡಗಿದರು. ಆ ಸಂಜೆಯ ಧ್ವನಿಮುದ್ರಿಕೆ ಎರಡೂ ಮನೆಗಳ ಒಪ್ಪಿಗೆಯೊಂದಿಗೆ ಅವರ ಊರಿನ ಪೆಟ್ಟಿಗೆಯಲ್ಲಿದೆ. ಐದೂ ಕೊಳಗಗಳು ಅವರವರ ಮನೆಗೆ ಹೋದವು.

ಪೆಟ್ಟಿಗೆಗಳ ಸಾಲಿನ ಕೊನೆಯ ರ‍್ಯಾಕು ನೀರಿನಡಿಯ ಊರುಗಳದು. 1940ರ ದಶಕದ ಮಡೆನೂರು ಅಣೆಕಟ್ಟೆಯಿಂದ ಮುಳುಗಿದವು ಕೆಲವು, 1964ರಲ್ಲಿ ಮುಗಿದ ಲಿಂಗನಮಕ್ಕಿಯಿಂದ ಮುಳುಗಿದವು ಮತ್ತೆ ಹಲವು. ಮಡೆನೂರಿನ ಕಟ್ಟೆಯೇ ಲಿಂಗನಮಕ್ಕಿಯ ನೀರಿನೊಳಗೆ ಹೋಯಿತು. ಅಲ್ಲಿಂದ ಎದ್ದು ಬಂದವರಲ್ಲಿ ನೆನಪು ಗಟ್ಟಿಯಾಗಿರುವವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಅವರಿಗಾಗಿ ಬಿಳಿಯ ಬಟ್ಟೆಯ ಮೇಲೆ ಒಂದು ನಕ್ಷೆ ಆರಂಭಿಸಿದೆವು. ಗಂಡಸರು ಹೊಳೆ, ರಸ್ತೆ, ಗದ್ದೆಯ ಸಾಲು ಹೇಳಿದರು. ಹೆಂಗಸರು ಯಾವ ಮನೆಯ ಹಿತ್ತಿಲಿನಿಂದ ಯಾವ ಬಾವಿಗೆ ಎಷ್ಟು ಮೆಟ್ಟಿಲು, ಯಾವ ಮಾವಿನ ಮರದ ಮಿಡಿ ಉಪ್ಪಿನಕಾಯಿಗೆ ಬರುತ್ತಿತ್ತು ಎಂಬುದನ್ನು ಹೇಳಿದರು. ಪೆನ್ಸಿಲಿನ ಗೆರೆಯ ಬಗ್ಗೆ ಇಬ್ಬರು ಒಪ್ಪಿದ ಮೇಲೆ ಮಾತ್ರ ಅದರ ಮೇಲೆ ದಾರದ ಹೊಲಿಗೆ ಬೀಳುತ್ತದೆ. ಒಪ್ಪದವು ಪೆನ್ಸಿಲಿನಲ್ಲಿಯೇ ಇವೆ.

ಕಡು ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮಡೆನೂರಿನ ಹಳೆಯ ಕಟ್ಟೆ ಮೇಲೆ ಕಾಣಿಸುತ್ತದೆ. ಕಳೆದ ಬೇಸಿಗೆಯಲ್ಲಿ ಬಟ್ಟೆಯನ್ನು ಸುತ್ತಿಕೊಂಡು, ನಾಲ್ವರು ಹಿರಿಯರನ್ನು ಜೀಪಿನಲ್ಲಿ ಕೂರಿಸಿಕೊಂಡು ನೀರಿನಂಚಿಗೆ ಹೋಗಿದ್ದೆವು. ಒಣಗಿ ಬಿರಿದ ಮಣ್ಣಿನ ಮೇಲೆ ನಕ್ಷೆಯನ್ನು ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಎದುರಿಗೆ ಕಾಣುತ್ತಿದ್ದ ಗುಡ್ಡದ ನೇರಕ್ಕೆ ತಿರುಗಿಸಿದೆವು. ಎಂಬತ್ತು ದಾಟಿದ ಒಬ್ಬ ತಾಯಿ ಬಹಳ ಹೊತ್ತು ನೀರನ್ನೂ ಬಟ್ಟೆಯನ್ನೂ ನೋಡಿ, ತಮ್ಮ ತವರಿನ ಬಾವಿಯನ್ನು ನಾವು ಹಾದಿಯ ಎಡಕ್ಕೆ ಹೊಲಿದಿದ್ದೇವೆ, ಅದು ಬಲಕ್ಕಿತ್ತು ಎಂದರು. ಸೊಸೆಯಿಂದ ಸೂಜಿ ಪಡೆದು, ಅಲ್ಲಿಯೇ ಕುಳಿತು, ಆ ಹೊಲಿಗೆಯನ್ನು ಬಿಚ್ಚಿದರು.