ಚಳಿಯಿಂದ ಒಳಗೆ ತರುವ ಕ್ಯಾಮೆರಾಕ್ಕೆ ಒಂದು ಚೀಲ

ಕ್ಯಾಮೆರಾವನ್ನು ಮನೆಯೊಳಗೆ ತರುವ ಮುನ್ನ, ಬಾಗಿಲ ಹೊರಗೇ ನಿಂತು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿಯನ್ನು ಅಂಗೈಯಿಂದ ಒತ್ತಿ ತೆಗೆದು ಬಿಗಿಯಾಗಿ ಮುಚ್ಚಿ. ಉತ್ತರ ಧ್ರುವದ ಕಡೆ ಇರುವ ನಾರ್ವೆಯ ದ್ವೀಪಸಮೂಹ ಸ್ವಾಲ್ಬಾರ್ಡ್‌ನ ಲಾಂಗ್‌ಇಯರ್‌ಬಿಯೆನ್‌ನಂಥ ಊರಿನಲ್ಲಿ ಗಂಡಹೆಂಡತಿ ಇಬ್ಬರೇ ಇರುವ ಪುಟ್ಟ ಮನೆಯಲ್ಲೂ ಅನ್ನದ ಹಬೆ, ಒಣಗಲು ಹಾಕಿದ ಉಣ್ಣೆಯ ಕಾಲುಚೀಲ, ಇಬ್ಬರ ಉಸಿರು ಸೇರಿ ಗಾಳಿಯಲ್ಲಿ ತೇವ ಇದ್ದೇ ಇರುತ್ತದೆ. ಮೈನಸ್ 20 ಡಿಗ್ರಿಯಲ್ಲಿ ತಣಿದ ಲೆನ್ಸ್ ಮೇಲೆ ಅದು ಕೂಡಲೇ ಮಂಜಾಗಿ ಕೂರುತ್ತದೆ. ಚೀಲವಿದ್ದರೆ ಹನಿಗಳು ಚೀಲದ ಹೊರಮೈಗೆ ಕಟ್ಟುತ್ತವೆ, ಕ್ಯಾಮೆರಾ ಒಣಗಿಯೇ ಇರುತ್ತದೆ. ಮೆಮೊರಿ ಕಾರ್ಡನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಚಿತ್ರ ನೋಡುವ ಆಸೆಗೆ ಚೀಲ ಬೇಗ ಬಿಚ್ಚುತ್ತೀರಿ. ಒಬ್ಬರು ಚೀಲದ ಬಾಯಿ ಅಗಲಿಸಿ ಹಿಡಿದರೆ ಇನ್ನೊಬ್ಬರು ಕೈಗವಸು ಪೂರ್ತಿ ಕಳಚದೆ ಕೆಲಸ ಮುಗಿಸಬಹುದು. ಒಳಗೆ ಬಂದ ಮೇಲೆ ಮುಚ್ಚಿದರೆ ಇದು ಫಲ ಕೊಡದು, ಬೆಚ್ಚನೆಯ ತೇವ ಆಗಲೇ ಒಳಹೊಕ್ಕಿರುತ್ತದೆ. ಕ್ಯಾಮೆರಾದ ಮೇಲೆ ಹಿಮದ ಪುಡಿ ಉಳಿದಿದ್ದರೂ ಅಷ್ಟೇ, ಅದು ಚೀಲದೊಳಗೇ ಕರಗುತ್ತದೆ. ಮೊದಲು ಬ್ರಷ್‌ನಿಂದ ಒರೆಸಿ. ದೊಡ್ಡ ಲೆನ್ಸ್ ಆದರೆ ಎರಡು ಮೂರು ಗಂಟೆ ಹಾಗೇ ಬಿಡಿ, ಒಲೆಯ ಹತ್ತಿರ ಮಾತ್ರ ಇಡಬೇಡಿ.