ಮ್ಯಾಗಜೀನ್ ಸ್ಪ್ರಿಂಗ್: ಬದಲಿಸುವ ಮುನ್ನ ಪರೀಕ್ಷಿಸಿ

ಗುಂಡು ತುಂಬಿ ವರ್ಷಗಟ್ಟಲೆ ಇಟ್ಟರೆ ಪಿಸ್ತೂಲಿನ ಮ್ಯಾಗಜೀನ್ (ಗುಂಡು ತುಂಬುವ ಕೊಳವೆಯಂಥ ಡಬ್ಬಿ) ಒಳಗೆ ಗುಂಡುಗಳನ್ನು ಮೇಲಕ್ಕೆ ತಳ್ಳುವ ಸ್ಪ್ರಿಂಗ್ ಸೋತುಹೋಗುತ್ತದೆ ಎಂಬ ನಂಬಿಕೆ ಅಮೆರಿಕದ ಶೂಟರ್‌ಗಳಲ್ಲಿ ಬಹಳ ಹಳೆಯದು. ಅದರಲ್ಲಿ ನಿಜ ಕಡಿಮೆ. ಒಳ್ಳೆಯ ಉಕ್ಕಿನ ಸುರುಳಿಯನ್ನು ಅದರ ಮಿತಿಯೊಳಗೇ ಒತ್ತಿಟ್ಟರೆ ಹೆಚ್ಚೇನೂ ಕಳೆದುಕೊಳ್ಳದು. ಅದನ್ನು ದಣಿಸುವುದು ಸಾವಿರಾರು ಸಲ ಒತ್ತಿ ಬಿಡುವ ಕೆಲಸ. ಮಿತಿ ಮೀರಿ ಒತ್ತಿದರೆ ಮಾತ್ರ ಸುಮ್ಮನಿದ್ದರೂ ಕುಗ್ಗುತ್ತದೆ. 1911 ಮಾದರಿಯ .45 ಪಿಸ್ತೂಲಿನ ಮೂಲ ಮ್ಯಾಗಜೀನ್ ಹಿಡಿಯುವುದು 7 ಗುಂಡು. ಅದೇ ಅಳತೆಯ ಕೊಳವೆಯಲ್ಲಿ 8ನೆಯದನ್ನೂ ತುರುಕುವಂತೆ ಮಾಡಿದವುಗಳಲ್ಲಿ ಸ್ಪ್ರಿಂಗ್ ಬೇಗ ಸೋಲುವುದು ಇದೇ ಕಾರಣಕ್ಕೆ.

ಮೊದಲು ಮ್ಯಾಗಜೀನ್ ಹೊರತೆಗೆದು, ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಹಿಂದಕ್ಕೆಳೆದು, ಚೇಂಬರ್ (ಹಾರಿಸುವ ಮುನ್ನ ಗುಂಡು ಕೂರುವ ಜಾಗ) ಖಾಲಿ ಇದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿಕೊಳ್ಳಿ. ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ. ಪ್ರತಿ ಮ್ಯಾಗಜೀನ್ ಮೇಲೆ 1, 2, 3 ಎಂದು ಬರೆಯಿರಿ. ಈ ಅಂಕಿಗಳಿಲ್ಲದೆ ಮುಂದಿನದೆಲ್ಲ ಊಹೆ.

ಖಾಲಿ ಮ್ಯಾಗಜೀನ್ ಸಿಕ್ಕಿಸಿ ಸ್ಲೈಡ್ ಜೋರಾಗಿ ಎಳೆಯಿರಿ, ಹಿಂದೆಯೇ ನಿಲ್ಲಬೇಕು. ನಂತರ ಶೂಟಿಂಗ್ ರೇಂಜಿನಲ್ಲಿ ಪ್ರತಿಯೊಂದನ್ನೂ ತುಂಬಿ ಹಾರಿಸಿ. ಕೊನೆಯ ಗುಂಡಿನ ಬಳಿಕ ಸ್ಲೈಡ್ ನಿಲ್ಲದಿದ್ದರೆ, ಗುಂಡಿನ ಮೂತಿ ಕೆಳಗೆ ಬಾಗಿ ಸಿಕ್ಕಿಕೊಂಡರೆ, ಅಥವಾ ಗುಂಡು ಮೇಲೇರುವ ಮೊದಲೇ ಸ್ಲೈಡ್ ಅದರ ಮೇಲೆ ಹಾದುಹೋದರೆ ಸ್ಪ್ರಿಂಗ್ ಮೇಲೆ ಅನುಮಾನ ಸರಿ. ತೊಂದರೆ 2ನೇ ಮ್ಯಾಗಜೀನ್‌ನಲ್ಲಿ ಮಾತ್ರವೋ? ದೋಷ ಅದರದೇ. ಎಲ್ಲದರಲ್ಲೂ ಬಂದರೆ ಪಿಸ್ತೂಲನ್ನೇ ತೋರಿಸಬೇಕು. ಸ್ಪ್ರಿಂಗ್ ಕೊಂಡು ಲಾಭವಿಲ್ಲ.

ಅನುಮಾನ ಬಂದ ಮ್ಯಾಗಜೀನ್ ಬಿಚ್ಚುವಾಗ ಕನ್ನಡಕ ಹಾಕಿಕೊಳ್ಳಿ. ಅಡಿಯ ತಟ್ಟೆ ಸರಿಸುವಾಗ ಹೆಬ್ಬೆರಳು ಅಲ್ಲೇ ಅದುಮಿರಲಿ, ಇಲ್ಲದಿದ್ದರೆ ಸುರುಳಿ ಚಿಮ್ಮಿ ಮುಖಕ್ಕೆ ಬಡಿದೀತು. ಯಾವ ತುದಿ ಮೇಲೆ, ಯಾವ ಕಡೆ ಮುಂದೆ ಎಂಬುದರ ಫೋಟೊ ತೆಗೆದಿಡಿ. ತಿರುಗುಮುರುಗಾಗಿ ಕೂರಿಸಿದ ಸ್ಪ್ರಿಂಗ್ ಹೊಸದಾದರೂ ಕೆಲಸ ಮಾಡದು. ತುಕ್ಕು, ಬಿರುಕು, ಸೊಟ್ಟಗಾದ ಸುತ್ತು ಕಂಡರೆ ಮತ್ತೆ ಯೋಚಿಸದೆ ಬದಲಿಸಿ. ಉದ್ದ ಮಾತ್ರ ಮೋಸ ಮಾಡುತ್ತದೆ: ಹೊಸ ಸ್ಪ್ರಿಂಗ್ ಕೂಡ ಮೊದಮೊದಲು ಒತ್ತಿದಾಗ ತುಸು ಗಿಡ್ಡಾಗಿ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಹೋಲಿಸುವುದಾದರೆ ಕೆಲವು ಸಲ ತುಂಬಿ ಖಾಲಿ ಮಾಡಿದ ಅದೇ ಮಾದರಿಯ ಸ್ಪ್ರಿಂಗ್ ಜೊತೆ ಹೋಲಿಸಿ.

ಎಷ್ಟೋ ಸಲ ತಪ್ಪು ಸ್ಪ್ರಿಂಗಿನದೇ ಅಲ್ಲ. ಕೊಳವೆಯೊಳಗೆ ಮಸಿ, ಮರಳು ಮೆತ್ತಿ ಗುಂಡಿನ ಕೆಳಗಿನ ಫಾಲೋವರ್ ಜಾರದಿರಬಹುದು. ಕೆಳಗೆ ಬಿದ್ದ ಮ್ಯಾಗಜೀನ್‌ನ ತುಟಿಗಳು, ಅಂದರೆ ಮೇಲಿನ ಗುಂಡನ್ನು ಹಿಡಿದಿಡುವ ಬಾಯಂಚುಗಳು, ಅಗಲವಾಗಿರಬಹುದು. ಸರಿಯಿರುವುದರ ಪಕ್ಕ ಇಟ್ಟು ಕ್ಯಾಲಿಪರ್‌ನಿಂದ ಅಳೆಯಿರಿ. ಒಳಭಾಗವನ್ನು ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಎಣ್ಣೆ ಸುರಿದರೆ ಧೂಳು ಹಿಡಿಯುತ್ತದೆ, ಗುಂಡಿನ ಹಿಂಬದಿಯಲ್ಲಿ ಕಿಡಿ ಹೊತ್ತಿಸುವ ಪ್ರೈಮರ್‌ಗೂ ಇಳಿದೀತು.

ಸೋತ ಸುರುಳಿಯನ್ನು ಕೈಯಿಂದ ಹಿಗ್ಗಿಸುವ ಉಪಾಯ ಬೇಡ. ಒಂದೆರಡು ದಿನ ಬಿಗಿಯಾಗಿ ಕಂಡು ಮತ್ತೆ ಕುಗ್ಗುತ್ತದೆ. ಆ ಮಾದರಿಗೆ ಮೀಸಲಾದ ಹೊಸ ಸ್ಪ್ರಿಂಗನ್ನೇ ಹಾಕಿ, ಅದೇ ಅಂಕಿಯ ಮ್ಯಾಗಜೀನ್‌ನಲ್ಲಿ ಮತ್ತೆ ಹಾರಿಸಿ ನೋಡಿ.